ಸಿನಿಮಾಕ್ಕೂ ವಯಸ್ಸಿನ ಲೆಕ್ಕ



ಸಿನಿಮಾ ಅಂದರೆ ನಮಗೆಲ್ಲ ಇಷ್ಟ. ಆದರೆ ಎಲ್ಲ ಸಿನಿಮಾ ಎಲ್ಲರಿಗೂ ಅಲ್ಲ. ಯಾವುದನ್ನು ಮಕ್ಕಳು ನೋಡಬಹುದು, ಯಾವುದು ದೊಡ್ಡವರಿಗೆ ಮಾತ್ರ ಎಂದು ಹೇಳಲು ಸರ್ಕಾರದ ಒಂದು ಮಂಡಳಿ ಇದೆ. ಜನ ಅದನ್ನು ಸೆನ್ಸಾರ್ ಮಂಡಳಿ ಅನ್ನುತ್ತಾರೆ. ಮಂಡಳಿಯವರು ಸಿನಿಮಾ ನೋಡಿ ಸರ್ಟಿಫಿಕೇಟು ಕೊಡಬೇಕು. ಆಮೇಲೇ ಅದು ಟಾಕೀಸಿಗೆ ಬರುತ್ತದೆ.

ಯಾವುದು ಸರಿ, ಯಾವುದು ತಪ್ಪು ಎಂದು ತೀರ್ಮಾನಿಸಲು ಕಾಯಿದೆ ಇದೆ, ನಿಯಮ ಇದೆ. ಆದರೆ ಈ ನಿಯಮ ಕಲ್ಲಿನಲ್ಲಿ ಕೊರೆದದ್ದಲ್ಲ. ಕಾಲ ಬದಲಾದ ಹಾಗೆ ಅದೂ ಬದಲಾಗಿದೆ. ಹೇಗೆ ಅಂತ ನೋಡೋಣ.

ಮೊದಲು ಬ್ರಿಟಿಷರ ಕಾಲ. 1918ರಲ್ಲಿ ಸಿನಿಮಾ ಕಾಯಿದೆ ಬಂತು. 1920ರಲ್ಲಿ ಬೊಂಬಾಯಿ, ಕಲ್ಕತ್ತ, ಮದರಾಸುಗಳಲ್ಲಿ ಸೆನ್ಸಾರ್ ಮಂಡಳಿಗಳು ಶುರುವಾದವು. ಆಗಿನವರಿಗೆ ಇದ್ದ ದೊಡ್ಡ ಭಯ ಯಾವುದು ಗೊತ್ತಾ? ಸ್ವಾತಂತ್ರ್ಯದ ಮಾತು! 1921ರಲ್ಲಿ 'ಭಕ್ತ ವಿದುರ' ಎಂಬ ಮೂಕಿ ಚಿತ್ರ ಬಂತು. ಕಥೆ ಮಹಾಭಾರತದ್ದು. ಆದರೆ ವಿದುರ ನೋಡಲು ಗಾಂಧೀಜಿಯ ಹಾಗೆ ಇದ್ದ. ಅಷ್ಟಕ್ಕೇ ಮದರಾಸಿನಲ್ಲಿ ಆ ಚಿತ್ರವನ್ನು ನಿಷೇಧಿಸಿದರು.

ಸ್ವಾತಂತ್ರ್ಯ ಬಂತು. 1952ರಲ್ಲಿ ಹೊಸ ಕಾಯಿದೆ ಆಯಿತು. ಆಗ ಇದ್ದದ್ದು ಎರಡೇ ಗುರುತು. 'ಯು' ಅಂದರೆ ಎಲ್ಲರೂ ನೋಡಬಹುದು. 'ಎ' ಅಂದರೆ ದೊಡ್ಡವರಿಗೆ ಮಾತ್ರ.

ಭಯ ಹೋಯಿತಾ? ಇಲ್ಲ, ಅದರ ರೂಪ ಬದಲಾಯಿತು. 1970ರಲ್ಲಿ ನಮ್ಮ ಕನ್ನಡದ 'ಸಂಸ್ಕಾರ' ಚಿತ್ರ ತಯಾರಾಯಿತು. ಯು. ಆರ್. ಅನಂತಮೂರ್ತಿಯವರ ಕಾದಂಬರಿ ಅದಕ್ಕೆ ಆಧಾರ. ಅದರಲ್ಲಿ ಜಾತಿಯ ಕಟ್ಟುಪಾಡಿನ ಬಗ್ಗೆ ನೇರವಾದ ಪ್ರಶ್ನೆ ಇತ್ತು. ಜನ ಕೆರಳುತ್ತಾರೆ ಎಂದು ಮದರಾಸಿನ ಸೆನ್ಸಾರಿನವರು ತಡೆದರು. ಆಮೇಲೆ ಕೇಂದ್ರ ಸರ್ಕಾರ ಆ ತಡೆಯನ್ನು ತೆಗೆಯಿತು. ಅದೇ ಚಿತ್ರಕ್ಕೆ ದೇಶದ ಅತ್ಯುತ್ತಮ ಚಿತ್ರ ಎಂದು ರಾಷ್ಟ್ರ ಪ್ರಶಸ್ತಿ ಬಂತು! ಬೇಡ ಅಂದವರೂ ಮಂಡಳಿಯವರೇ, ಬೆನ್ನು ತಟ್ಟಿದ್ದೂ ಸರ್ಕಾರವೇ.

1975ರಲ್ಲಿ 'ಶೋಲೆ' ಬಂತು. ನಮ್ಮ ರಾಮನಗರದ ಬೆಟ್ಟಗಳಲ್ಲಿ ತೆಗೆದ ಹಿಂದಿ ಚಿತ್ರ. ಮೊದಲು ತೆಗೆದ ಕೊನೆಯಲ್ಲಿ ಠಾಕೂರ್ ಡಕಾಯಿತ ಗಬ್ಬರನನ್ನು ಕೊಲ್ಲುತ್ತಾನೆ. ಆಗ ತುರ್ತು ಪರಿಸ್ಥಿತಿ. ಠಾಕೂರ್ ಹಿಂದೆ ಪೊಲೀಸ್ ಅಧಿಕಾರಿಯಾಗಿದ್ದವನು. ಅಂಥವನೇ ಕಾನೂನನ್ನು ಕೈಗೆ ತೆಗೆದುಕೊಳ್ಳಬಾರದು ಎಂದು ಸೆನ್ಸಾರಿನವರು ಒಪ್ಪಲಿಲ್ಲ. ಕೊನೆಯನ್ನು ಮತ್ತೆ ತೆಗೆಯಬೇಕಾಯಿತು. ಪೊಲೀಸರು ಬಂದು ಗಬ್ಬರನನ್ನು ಹಿಡಿಯುವ ಹಾಗೆ ಮಾಡಿದರು. 50 ವರ್ಷದ ಮೇಲೆ, 2025ರಲ್ಲಿ, ಹಳೆಯ ಕೊನೆ ಇರುವ ಪ್ರತಿಯನ್ನು ಇಟಲಿಯ ಒಂದು ಚಿತ್ರೋತ್ಸವದಲ್ಲಿ ತೋರಿಸಿದರು.

1983ರಲ್ಲಿ ಒಂದು ದೊಡ್ಡ ಬದಲಾವಣೆ ಆಯಿತು. ಮಂಡಳಿಯ ಹೆಸರಿನಿಂದ 'ಸೆನ್ಸಾರ್' ಎಂಬ ಮಾತನ್ನೇ ತೆಗೆದರು. 'ಪ್ರಮಾಣೀಕರಣ ಮಂಡಳಿ' ಎಂದು ಕರೆದರು. ಕತ್ತರಿ ಹಾಕುವುದು ನಿಲ್ಲಲಿಲ್ಲ, ಈಗಲೂ ಇದೆ. ಆದರೆ 'ಯುಎ' ಎಂಬ ಹೊಸ ಗುರುತು ಬಂತು. 12 ವರ್ಷದ ಒಳಗಿನ ಮಕ್ಕಳಿಗೆ ತೋರಿಸಬೇಕೋ ಬೇಡವೋ ಎಂದು ತಂದೆತಾಯಿಯೇ ಯೋಚಿಸಲಿ ಎಂಬುದು ಅದರ ಅರ್ಥ. ಅಂದರೆ ಅರ್ಧ ತೀರ್ಮಾನ ನಮ್ಮ ಕೈಗೆ ಬಂತು.

ನಿಯಮಗಳೂ ಬೇರೆ ಕಡೆ ಕಣ್ಣು ಹಾಯಿಸಿದವು. 1991ರ ಸೂಚನೆಗಳಲ್ಲಿ ಹೆಂಗಸರನ್ನು ಹೀನಾಯವಾಗಿ ತೋರಿಸಬಾರದು ಎಂದು ಹೇಳಿದರು. ಒಂದು ಕಾಲಕ್ಕೆ ನಾಯಕ ಬೀಡಿ ಸಿಗರೇಟು ಸೇದಿದರೆ ಯಾರೂ ಕೇಳುತ್ತಿರಲಿಲ್ಲ. 2012ರಿಂದ ಅಂಥ ದೃಶ್ಯ ಬಂದಾಗ ಪರದೆಯ ಕೆಳಗೆ ಎಚ್ಚರಿಕೆಯ ಮಾತು ಬರುತ್ತದೆ.

2023ರಲ್ಲಿ ಕಾಯಿದೆ ತಿದ್ದಿದರು. 2024ರಲ್ಲಿ ಹೊಸ ನಿಯಮ ಬಂತು. 'ಯುಎ' ಈಗ ಮೂರು ಬಗೆ: 7, 13, 16. ನಾಲ್ಕು ವರ್ಷದ ಮಗುವೂ ಹನ್ನೊಂದು ವರ್ಷದ ಮಗುವೂ ಒಂದೇ ಅಲ್ಲವಲ್ಲ, ಅದಕ್ಕೇ ಹೀಗೆ.

ಈಗ ನಮ್ಮ ಕೆಲಸಕ್ಕೆ ಬರೋಣ. ಸಿನಿಮಾ ಶುರುವಾಗುವ ಮುಂಚೆ ಸರ್ಟಿಫಿಕೇಟು ತೋರಿಸುತ್ತಾರೆ. ಪೋಸ್ಟರಿನಲ್ಲೂ ಗುರುತು ಇರುತ್ತದೆ. ಅದು ಇಂಗ್ಲಿಷ್ ಅಕ್ಷರ. ಹೆದರಬೇಡಿ. 'ಯು' ಕುದುರೆ ಲಾಳದ ಹಾಗೆ ಇರುತ್ತದೆ, ಬಾಯಿ ಮೇಲಕ್ಕೆ. 'ಎ' ಕಾಲು ಅಗಲಿಸಿ ನಿಲ್ಲಿಸಿದ ಏಣಿಯ ಹಾಗೆ, ನಡುವೆ ಒಂದೇ ಅಡ್ಡಪಟ್ಟಿ. ಬರೀ ಏಣಿ ಇದ್ದರೆ 18 ವರ್ಷ ತುಂಬದವರನ್ನು ಒಳಗೆ ಬಿಡುವಂತಿಲ್ಲ. ಲಾಳ, ಏಣಿ ಎರಡೂ ಇದ್ದರೆ ಪಕ್ಕದ ಅಂಕಿ ಓದಿ. 13 ಇದೆಯಾ? ನಿಮ್ಮ ಮಗುವಿಗೆ ಒಂಬತ್ತು ವರ್ಷವಾ? ಹಾಗಾದರೆ ಯೋಚಿಸಿ. ಬಾಗಿಲಲ್ಲಿ ಯಾರೂ ತಡೆಯುವುದಿಲ್ಲ. ಹೇಳಬೇಕಾದವರು ನಾವೇ.

ಮೊಬೈಲಿನಲ್ಲಿ ಸಿನಿಮಾ, ಧಾರಾವಾಹಿ ತೋರಿಸುವ ಕಂಪನಿಗಳಿಗೂ 2021ರಿಂದ ಇಂಥದೇ ವಯಸ್ಸಿನ ಗುರುತು ಇದೆ. ಮಕ್ಕಳು ತೆರೆಯದ ಹಾಗೆ ಬೀಗ ಹಾಕುವ ಸೌಲಭ್ಯವನ್ನೂ ಅವರು ಕೊಡಬೇಕು. ಆದರೆ ಬೀಗ ಹಾಕುವವರು ಮನೆಯವರೇ.

ನಿಯಮ ಮಾಡಿದವರೂ ಮನುಷ್ಯರೇ, ಬದಲಾಯಿಸಿದವರೂ ಮನುಷ್ಯರೇ. ಸರಿ ಕಾಣದಿದ್ದರೆ ಕೇಳುವ ಹಕ್ಕು ನಮಗೂ ಇದೆ. ಅದಕ್ಕೆ ಮೊದಲು ಓದಬೇಕು, ತಿಳಿಯಬೇಕು.

ಇವತ್ತು ಕೇಂದ್ರದಲ್ಲಿ ಎಲ್ಲರೂ ಕೂತು ಮಾತಾಡಿ: ಈಗಿನ ಸಿನಿಮಾಗಳಲ್ಲಿ ಮಕ್ಕಳಿಗೆ ಯಾವುದು ಬೇಡ? ಯಾಕೆ ಬೇಡ?