ಹಿತ್ತಲ ಮಡಿ



ಹೊಲದ ಗೊಬ್ಬರಕ್ಕೆ ಸಂಘದ ಮುಂದೆ ಪಾಳಿ ಹಚ್ಚುವ ನಾವು, ಹಿಡಿ ಕೊತ್ತಂಬರಿಗೆ ಸಂತೆಯ ಹಾದಿ ಕಾಯುತ್ತೇವೆ. ಹಿತ್ತಲು ಬರಿದು. ನಾಚಿಕೆಯ ಮಾತೇ ಸೈ.

1997ರಲ್ಲಿ ಹಾವೇರಿ ಜಿಲ್ಲೆಗೆ ಒಟ್ಟಿಗೇ ಸೇರಿದರೂ ನಮ್ಮ ನಾಲ್ಕು ತಾಲೂಕುಗಳ ಮಣ್ಣು ಒಂದಲ್ಲ. ಮಡಿಯೂ ಒಂದೇ ನಮೂನೆ ಆಗದು. ಹಾನಗಲ್ಲ ಕಡೆ ಮಳೆ ಹೆಚ್ಚು, ಮುಂಗಾರಿಗೆ ಗೇಣು ಏರಿಸದಿದ್ದರೆ ಸಸಿ ಕೊಳೆಯುತ್ತವೆ. ಸವಣೂರ ಕಡೆಯ ಎರಿ ಮಣ್ಣನ್ನು ಹಸಿಯಿದ್ದಾಗ ತುಳಿದರೆ ಕಲ್ಲಾಗುತ್ತದೆ. ಶಿಗ್ಗಾಂವಿ, ಹಿರೇಕೆರೂರ ಕಡೆ ಮಸಾರಿ ಇದ್ದಲ್ಲಿ ಬೇಸಿಗೆಗೆ ತಗ್ಗು ಮಡಿಯೇ ಲೇಸು, ಹಾಕಿದ ನೀರು ಹರಿದು ಹೋಗುವುದಿಲ್ಲ. ಅಗಲ 3-4 ಅಡಿ ಸಾಕು. ಬದಿಗೆ ಕೂತರೆ ನಡುವಿನ ತನಕ ಕೈ ಎಟುಕಬೇಕು, ಒಳಗೆ ಕಾಲಿಡಬಾರದು.

ಒಂದು ಸಲ ನಾವೂ ಅವಸರಕ್ಕೆ ಬಿದ್ದು ಹಸಿ ಸಗಣಿ ಸುರಿದೆವು. ಗೊಣ್ಣೆಹುಳ ಎದ್ದು ಬದನೆಯ ಬೇರು ತಿಂದು ಮುಗಿಸಿದವು. ಮನೆಯವರು ಇಂದಿಗೂ ಆಡಿಕೊಳ್ಳುತ್ತಾರ! ಪೂರ್ತಿ ಕಳಿತ ತಿಪ್ಪೆಗೊಬ್ಬರವನ್ನೇ ಹಾಕಿರಿ. ಸಾಬೂನು ಬೆರೆತ ಬಚ್ಚಲ ನೀರು ಬಾಳೆಗಿರಲಿ, ಸೊಪ್ಪಿನ ಮಡಿಗೆ ಬೇಡ. ಬದನೆ ಕಿತ್ತಲ್ಲಿ ಮತ್ತೆ ಬದನೆ, ಟೊಮೆಟೊ ಹಚ್ಚಬೇಡಿರಿ. ರೋಗ ಅಲ್ಲೇ ಕೂತಿರುತ್ತದೆ. ಅವರೆ ಊರಿರಿ.

ಮೆಂತ್ಯ 25-30 ದಿನಕ್ಕೆ ಕೊಯ್ಲಿಗೆ ಬರುತ್ತದೆ. 15 ದಿನಕ್ಕೊಂದು ಮಡಿ ಬಿತ್ತುತ್ತ ಹೋದರೆ ಒಂದು ಮುಗಿಯುವಷ್ಟರಲ್ಲಿ ಇನ್ನೊಂದು ಸಿದ್ಧ.