ಗಾಲಿಯ ಮನೆಗೆ ಬಾಗಿಲು



ಬೀದರಿನವರಿಗೆ ಜೆಟ್ ವಿಮಾನದ ಸದ್ದು ಹೊಸದಲ್ಲ. 1996ರಲ್ಲಿ ಸೂರ್ಯಕಿರಣ ತಂಡ ಹುಟ್ಟಿದ್ದು ಇಲ್ಲಿಯ ವಾಯುನೆಲೆಯಲ್ಲಿ. 2008ರಲ್ಲಿ ಹಾಕ್ ತರಬೇತಿ ವಿಮಾನಗಳು ಬಂದದ್ದೂ ಇಲ್ಲಿಗೇ. ಭಾಲ್ಕಿ, ಔರಾದಗಳ ಮಕ್ಕಳೂ ಕೇಳುವ ಪ್ರಶ್ನೆಯೊಂದುಂಟು: ನೆಲ ಬಿಟ್ಟ ಮೇಲೆ ವಿಮಾನದ ಗಾಲಿ ಎಲ್ಲಿ ಹೋಗುತ್ತದೆ?

ಮಡಿಚಿಕೊಂಡು ಒಡಲಿನ ಅಥವಾ ರೆಕ್ಕೆಯ ಗೂಡನ್ನು ಸೇರುತ್ತದೆ. ಗಾಲಿ ಹೊರಗೆ ತೂಗುತ್ತಿದ್ದರೆ ಗಾಳಿ ತಡೆಯುತ್ತದೆ. ಗೂಡು ತೆರೆದೇ ಇದ್ದರೆ ಗಾಳಿ ಅದರೊಳಗೆ ಸುಳಿದು ಮತ್ತೆ ವೇಗವನ್ನು ತಿನ್ನುತ್ತದೆ. ಆದುದರಿಂದ ಗೂಡಿಗೆ ಬಾಗಿಲು ಬೇಕು.

ರೇಡಿಯೋ ಅಲೆಗಳಿಂದ ನಡೆಸುವ ದೊಡ್ಡ ಮಾದರಿ ಜೆಟ್ಟುಗಳಿಗೂ ಇದೇ ಏರ್ಪಾಡು. ಹಾಕ್ ವಿಮಾನದ ರೆಕ್ಕೆಯ ಹರವು ಸುಮಾರು 10 ಮೀಟರು. ಕಾಲುಭಾಗ ಅಳತೆಯ ಮಾದರಿಯೆಂದರೂ ಎರಡೂವರೆ ಮೀಟರಾಯಿತು. ಸೀಮೆಎಣ್ಣೆ ಉರಿಸುವ ಪುಟ್ಟ ಟರ್ಬೈನು ಅದನ್ನು ಹಾರಿಸುತ್ತದೆ. ಇಂಥದಕ್ಕೆ ಬಾಗಿಲು ಕೂಡಿಸುವುದು ತಾಳ್ಮೆಯ ಕೆಲಸ.

ಬಾಗಿಲನ್ನು ಗಾಜಿನ ನಾರಿನ ಕವಚದಿಂದಲೇ ಕತ್ತರಿಸಿ ತೆಗೆದರೆ ಬಾಗು ತಾನಾಗಿಯೇ ಹೊಂದುತ್ತದೆ. ಗೆರೆಯ ಮೇಲೆಯೇ ಕೊಯ್ದು, ಅಂಚನ್ನು ಅರದಿಂದ ಉಜ್ಜಿ ನಯಗೊಳಿಸಬೇಕು. ನಮ್ಮ ಬಿದರಿ ಕುಶಲಕರ್ಮಿ ಸತು-ತಾಮ್ರದ ಮಿಶ್ರಲೋಹದಲ್ಲಿ ಉಳಿಯಿಂದ ಜಾಡು ಕೊರೆದು ಬೆಳ್ಳಿಯ ತಂತಿಯನ್ನು ಕೂಡಿಸುತ್ತಾನಷ್ಟೆ. ಉಜ್ಜಿ ನುಣುಪು ಮಾಡಿದ ಮೇಲೆ ಬೆರಳಿಗೆ ಅಂಚು ತಿಳಿಯದು. ವ್ಯಾಕರಣದಲ್ಲಿ ಇದನ್ನು ಸಂಧಿ ಎನ್ನುತ್ತೇವೆ. ಸರಿಯಾಗಿ ಆಗದಿದ್ದರೆ ಉಳಿಯುವುದು ಸಂದು!

ಕೀಲುಗಳೆಲ್ಲ ಒಂದೇ ನೇರ ರೇಖೆಯಲ್ಲಿರಬೇಕು. ಕೂದಲೆಳೆಯಷ್ಟು ತಪ್ಪಿದರೂ ಬಾಗಿಲು ತಿರುಚಿಕೊಳ್ಳುತ್ತದೆ. ಹಾರುವಾಗ ಹೊರಗಿನ ಗಾಳಿ ಬಾಗಿಲನ್ನು ಸೆಳೆಯಬಹುದಾದ್ದರಿಂದ ಒಳಮೈಗೆ ಪಟ್ಟಿಯಂಟಿಸಿ ಗಟ್ಟಿಮಾಡಬೇಕು. ಮುಚ್ಚಿದ ಬಾಗಿಲನ್ನು ಬಿಗಿಯಾಗಿ ಹಿಡಿದಿಡಲೂ ಬೇಕು.

ಇಷ್ಟಾದರೂ ಅರ್ಧ ಕೆಲಸವೇ. ಉಳಿದರ್ಧ ಕ್ರಮದ್ದು. ಇಳಿಸುವಾಗ ಮೊದಲು ಬಾಗಿಲು, ಆಮೇಲೆ ಗಾಲಿ; ಎತ್ತುವಾಗ ಮೊದಲು ಗಾಲಿ, ಆಮೇಲೆ ಬಾಗಿಲು. ಅನೇಕ ಮಾದರಿಗಳಲ್ಲಿ ಚದರ ಅಂಗುಲಕ್ಕೆ ಸುಮಾರು 100 ಪೌಂಡು ಒತ್ತಡದ ಗಾಳಿಯನ್ನು ಸಣ್ಣ ಬುದ್ದಲಿಯಲ್ಲಿ ತುಂಬಿಟ್ಟು ಇವನ್ನು ಆಡಿಸುತ್ತಾರೆ. ಕ್ರಮ ಕಾಯಲು ಒಂದು ವಿದ್ಯುನ್ಮಾನ ಸಾಧನವಿರುತ್ತದೆ. ಕ್ರಮ ತಪ್ಪಿದರೆ ಗಾಲಿ ಬಾಗಿಲಿಗೆ ಬಡಿದು ಸಿಕ್ಕಿಕೊಳ್ಳುತ್ತದೆ. ಆಗ ತಿಂಗಳುಗಟ್ಟಲೆ ದುಡಿದ ಯಂತ್ರ ಹೊಟ್ಟೆಯ ಮೇಲೆ ಇಳಿಯಬೇಕಾಗುತ್ತದೆ.

ಗಾಳಿ ಸೋರಿಹೋದರೂ ಬಾಗಿಲು ತೆರೆದುಕೊಳ್ಳುವಂತೆ, ಗಾಲಿ ತನ್ನ ಭಾರದಿಂದಲೋ ಸ್ಪ್ರಿಂಗಿನಿಂದಲೋ ಇಳಿಯುವಂತೆ ಏರ್ಪಡಿಸುವುದು ಜಾಣತನ. ನೆಲದ ಮೇಲೆಯೇ ಹತ್ತಾರು ಸಲ ಆಡಿಸಿ ನೋಡತಕ್ಕದ್ದು. ಮಾದರಿಯನ್ನು ಮಗುಚಿಟ್ಟು, ಓರೆಯಾಗಿ ಹಿಡಿದು, ಒತ್ತಡ ತಗ್ಗಿಸಿಯೂ ನೋಡತಕ್ಕದ್ದು. ಒಮ್ಮೆ ತಡೆದರೂ ಆ ದಿನ ಹಾರಾಟವಿಲ್ಲ.

ಇನ್ನೊಂದು ಮಾತು. 2021ರ ಡ್ರೋನ್ ನಿಯಮಗಳು 25 ಕಿಲೋಗ್ರಾಮು ಮೀರದ ಮಾದರಿಗಳಿಗೆ ಕೆಲವು ವಿನಾಯಿತಿ ಕೊಟ್ಟಿವೆ. ಆದರೆ ಅವನ್ನು ಕಣ್ಣಿಗೆ ಕಾಣುವಷ್ಟು ದೂರದಲ್ಲೇ ಹಾರಿಸಬೇಕು. ವಿಮಾನನೆಲೆಯ ಆಸುಪಾಸಿನಲ್ಲಿ ಅನುಮತಿಯಿಲ್ಲದೆ ಹಾರಿಸುವಂತಿಲ್ಲ. ನಿಜವಾದ ವಿಮಾನದಲ್ಲಿ ಯಾರದೋ ಮನೆಯ ಮಗ ಕುಳಿತಿರುತ್ತಾನೆಂಬುದನ್ನು ಬೀದರಿನವರಿಗೆ ಹೇಳಬೇಕಾಗಿಲ್ಲ.

ಮನೆಯಲ್ಲಿ ಮಕ್ಕಳಿದ್ದರೆ ಒಂದು ರಟ್ಟಿನ ಪೆಟ್ಟಿಗೆ ಕೊಡಿ. ಅದರ ತಳದಲ್ಲಿ ಬಾಗಿಲು ಕೊಯ್ದು, ಬಟ್ಟೆಯ ಪಟ್ಟಿಯಿಂದ ಕೀಲು ಮಾಡಿ, ಒಳಗೊಂದು ಗಾಲಿ ಕಟ್ಟಲಿ. ಎರಡಕ್ಕೂ ಒಂದೊಂದು ದಾರವಿರಲಿ. ಯಾವ ದಾರವನ್ನು ಮೊದಲು ಎಳೆಯಬೇಕೆಂದು ಅವರೇ ಕಂಡುಕೊಳ್ಳಲಿ. ಕೂಡಿಸುವ ಕೈಗೆ ಕ್ರಮ ತಿಳಿದ ಬುದ್ಧಿ ಜೊತೆಯಾದರೆ ಅದೇ ಯಂತ್ರವಿದ್ಯೆಯ ಮೊದಲ ಪಾಠ.