ರಘೋಬನ ಪಾಲು

ನಾಶಿಕದ ಆನಂದವಲ್ಲಿಯಲ್ಲಿ ವಾಡೆ ಕಟ್ಟಿಸಿಕೊಂಡಿದ್ದ ರಘುನಾಥರಾವ್ ಉರುಫ್ ರಘೋಬ, 1758ರಲ್ಲಿ ಮರಾಠರ ಸೇನೆಯನ್ನು ಪಂಜಾಬಿಗೆ ಒಯ್ದ ದಂಡನಾಯಕ. ಪೇಶ್ವೆ ಗಾದಿ ಮಾತ್ರ ಅಣ್ಣನಿಗೆ, ಆಮೇಲೆ ಅಣ್ಣನ ಮಕ್ಕಳಿಗೆ. ಅವನನ್ನು ಕೆಡಿಸಿದ್ದು ಬರಿಯ ಆಸೆಯಲ್ಲ, ‘ಇದು ನನ್ನ ಪಾಲು’ ಎಂಬ ಲೆಕ್ಕ ಅನ್ನಿಸುತ್ತದೆ ನನಗೆ. 1773ರ ಆಗಸ್ಟ್ 30ರಂದು ಪುಣೆಯ ಶನಿವಾರವಾಡೆಯಲ್ಲಿ ಕಾವಲು ಸಿಪಾಯಿಗಳಾದ ಗಾರ್ದಿಗಳು ಕತ್ತಿ ಹಿರಿದರು. ಅಣ್ಣನ ಮಗ, 18ರ ಹುಡುಗ ಪೇಶ್ವೆ ನಾರಾಯಣರಾವ್ ಚಿಕ್ಕಪ್ಪನನ್ನೇ ತಬ್ಬಿಕೊಂಡನಂತೆ; ಆದರೂ ಉಳಿಯಲಿಲ್ಲ. ರಘೋಬನ ಪತ್ರ ತಿದ್ದಿ ಕೊಲ್ಲಿಸಿದವಳು ಅವನ ಹೆಂಡತಿ ಆನಂದಿಬಾಯಿ ಎಂಬ ಕಥೆಯೂ ಇದೆ. ಹೆಂಡತಿಯ ತಲೆಗೆ ಕಟ್ಟುವುದು ಸುಲಭ, ನೋಡಿ! ಸಂಭಾಜಿನಗರದ ಬಳಿಯ ಖುಲ್ದಾಬಾದಿನಲ್ಲಿ ಮಲಗಿರುವ ಔರಂಗಜೇಬ, ಗಾದಿಗಾಗಿ ಅಣ್ಣ ದಾರಾನನ್ನು ಕೊಲ್ಲಿಸಿಯೂ ಅರ್ಧ ಶತಮಾನದಷ್ಟು ಕಾಲ ಆಳಿದ. ರಘೋಬನಿಗೆ ಅದೂ ದಕ್ಕಲಿಲ್ಲ. ನ್ಯಾಯಾಧೀಶ ರಾಮಶಾಸ್ತ್ರಿ ಪ್ರಭುಣೆ ಅವನನ್ನೇ ಅಪರಾಧಿಯೆಂದರು. 1774ರಲ್ಲಿ ಹುಟ್ಟಿದ ನಾರಾಯಣರಾವನ ಕೂಸೇ ಪೇಶ್ವೆಯಾಯಿತು.